ಎಡಗೈ ಹೆಣೆದ ಗೋಡೆ

ಅಮೆರಿಕದ ಪೀಟರ್ಸ್‌ಬರ್ಗ್ ಪಟ್ಟಣದ ಎದುರಿನ ಕಂದಕದಲ್ಲಿ ಬೆಳಕು ಹರಿಯುವ ಹೊತ್ತು. ಕಾಫಿಯ ನೀರು ಇನ್ನೂ ಕುದಿದಿಲ್ಲ. ಈನಾಕ್ ಟ್ರಸ್ಕ್ ಆಗಲೇ ಮಂಡಿಯೂರಿ, ವೃತ್ತಾಕಾರವಾಗಿ ನೆಟ್ಟ ಒಂಬತ್ತು ಗೂಟಗಳ ನಡುವೆ ಹಸಿ ಕಡ್ಡಿಗಳನ್ನು ಎಡಕ್ಕೆ ಸುತ್ತುತ್ತಿದ್ದಾರೆ. ಎದೆಯೆತ್ತರದ, ತಳವಿಲ್ಲದ ಈ ಬುಟ್ಟಿಗಳನ್ನು ಸಾಲಾಗಿಟ್ಟು ಮಣ್ಣು ತುಂಬಿದರೆ ಗುಂಡು ತಡೆಯುವ ಗೋಡೆ ಸಿದ್ಧ.

"ಎಲ್ಲರದ್ದೂ ಬಲಕ್ಕೆ ಸುತ್ತುತ್ತೆ. ನಾನು ಎಡಚ, ನಂದು ಎಡಕ್ಕೆ," ಎನ್ನುತ್ತಾರೆ. "ಅದೇ ನೋಡಿ ನನ್ನ ರುಜು."

ಮೇನ್ ಪ್ರಾಂತ್ಯದ ಕಡಲೂರಿನಲ್ಲಿ ಮೀನಿನ ಬುಟ್ಟಿ ಹೆಣೆಯುತ್ತಿದ್ದ ಟ್ರಸ್ಕ್‌ಗೆ ಈಗ ಮೂವತ್ತೊಂಬತ್ತು. ಇದು ಅಂತರ್ಯುದ್ಧದ ನಾಲ್ಕನೆಯ ಚಳಿಗಾಲ. ಈ ಮುತ್ತಿಗೆಗೆ ಎಂಟು ತಿಂಗಳು. ದಿನಕ್ಕೆ ಮೂರು ಬುಟ್ಟಿ, ಗುಂಡಿನ ಮಳೆ ಜೋರಾದ ದಿನ ಎರಡು. ಚಳಿಗೆ ಸೀಳಿದ ಬೆರಳಿಗೆ ಹಂದಿಕೊಬ್ಬು ಸವರಿಕೊಂಡು ಹೆಣಿಗೆ ಮುಂದುವರಿಸುತ್ತಾರೆ.

ನವೆಂಬರಿನಲ್ಲಿ ಫಿರಂಗಿ ದಾಳಿ ತಡೆದ ಗೋಡೆಯ ಕಥೆಗೆ ಈ ರೆಜಿಮೆಂಟಿನಲ್ಲಿ ಮೂರು ಪಾಠಾಂತರಗಳಿವೆ. ಒಂದರಲ್ಲಿ ಬಡಿದ ಫಿರಂಗಿ ಗುಂಡುಗಳು ಏಳು, ಇನ್ನೊಂದರಲ್ಲಿ ಹನ್ನೊಂದು. ಅಡುಗೆಯವರು ಹೇಳುವ ಪಾಠದಲ್ಲಿ ಗುಂಡು ಗೋಡೆಗೆ ಬಡಿದು ಶತ್ರುವಿನತ್ತಲೇ ಮರಳುತ್ತದೆ. ಗೋಡೆ ನಿಂತಿತು, ಹಿಂದಿದ್ದ ಆರು ಮಂದಿ ಉಳಿದರು ಎಂಬಲ್ಲಿ ಮೂರೂ ಒಂದಾಗುತ್ತವೆ. ಕಟ್ಟಿದವರು ಲೆವಾಯ್ ಹ್ಯಾಸ್ಕೆಲ್ ಎಂಬಲ್ಲಿಯೂ. ಟ್ರಸ್ಕ್ ಹೆಸರು ಯಾವ ಪಾಠದಲ್ಲೂ ಇಲ್ಲ.

"ಲೆವಾಯ್ ಮಣ್ಣು ತುಂಬ್ತಿದ್ದ, ಅಷ್ಟೇ," ಎನ್ನುವಾಗ ಕೈಯ ಕಡ್ಡಿ ಪಟ್ಟನೆ ಮುರಿಯುತ್ತದೆ. "ಕ್ಯಾಪ್ಟನ್ ಬಂದಾಗ ಸಲಿಕೆ ಅವನ ಕೈಲಿತ್ತು. 'ಭೇಷ್ ಕಣಯ್ಯಾ' ಅಂದ್ರು. 'ಬುಟ್ಟಿ ನಂದಲ್ಲ ಸಾರ್' ಅನ್ನಬಹುದಿತ್ತು. ಅನ್ನಲಿಲ್ಲ."

ಆ ಭೇಷ್‌ಗೆ ಈಗ ಇಪ್ಪತ್ತು ದಿನಗಳ ರಜೆ ದೊರೆತಿದೆ, ಇಡೀ ತುಕಡಿಗೆ ಒಂದೇ. ಹ್ಯಾಸ್ಕೆಲ್ ಇವರ ಊರಿನವರೇ.

"ನನ್ನ ಮನೆ ಮುಂದೇನೇ ಹೋಗ್ತಾನೆ. ನನ್ನ ಹೆಂಡ್ತಿ ಥರ್ಜಾ ಒಳಗೆ ಕರೆದು ಬಿಸಿಬಿಸಿ ಬೀನ್ಸ್ ಬಡಿಸ್ತಾಳೆ. ಗೋಡೆ ಕಥೆ ಬೇರೆ ಹೇಳ್ತಾನೆ! ಹೊಟ್ಟೆ ಉರಿಯಲ್ವೇನ್ರೀ?"

ಸಾರ್ಜೆಂಟ್ ಕೂಂಬ್ಸ್ ಇತ್ಯರ್ಥಕ್ಕೆ ಬರುತ್ತಾರೆ. ಗೋಡೆಯ ಹೊರಮೈಗೆ ಮಣ್ಣು, ಒಳಮೈಗೆ ಹಲಗೆ, ಬುಟ್ಟಿಗಳು ಕಾಣುವುದಿಲ್ಲ.

"ಹಲಗೆ ಕಿತ್ರೆ ಎಡವೋ ಬಲವೋ ಗೊತ್ತಾಗುತ್ತೆ. ಹಿಮ ಕರಗಿ ಮಣ್ಣು ಸಡಿಲ ಆಗಿದೆ, ಕುಸಿದ್ರೂ ಕುಸೀಬಹುದು. ಕೀಳಿಸ್ಲಾ?"

ಗೋಡೆಯ ಹಿಂದೆ ಕಾವಲಿರುವವರಲ್ಲಿ ಒಬ್ಬರು ಕೂಗುತ್ತಾರೆ: "ಏ ಎಡಚ, ನಿನ್ನ ಹೆಸರಿಗೋಸ್ಕರ ನಮ್ಮ ತಲೆ ತೆಗೀಬೇಡ ಮಾರಾಯಾ!"

ಟ್ರಸ್ಕ್ ಹಲಗೆಯನ್ನು ಒಮ್ಮೆ, ಅವರನ್ನು ಒಮ್ಮೆ ನೋಡುತ್ತಾರೆ. "ಬೇಡ ಸಾರ್."

ಚೀಲ ಹೆಗಲಿಗೇರಿಸಿ ಹ್ಯಾಸ್ಕೆಲ್ ಬಂದು ನಿಲ್ಲುತ್ತಾರೆ. ಗಡ್ಡ ಬೋಳಿಸಿದ್ದಾರೆ. "ಮನೆಗೇನಾದ್ರೂ ಹೇಳೋದಿದ್ಯಾ ಈನಾಕ್?"

"ಬೆಳಕಿಗೆ ಅಡ್ಡ ನಿಂತಿದ್ದೀಯ, ಸರಿ ಅತ್ಲಾಗೆ."

ಹ್ಯಾಸ್ಕೆಲ್ ಕಂದಕದ ತಿರುವಿನಲ್ಲಿ ಮರೆಯಾಗುವವರೆಗೂ ಟ್ರಸ್ಕ್ ತಲೆ ಎತ್ತುವುದಿಲ್ಲ. ಆಮೇಲೆ ಆಸೆಯೇನೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ.

"ಯುದ್ಧ ಮುಗಿದ ದಿನ ಆ ಹಲಗೆ ನಾನೇ ಕೀಳ್ಬೇಕು. ಲೆವಾಯ್ ಪಕ್ಕದಲ್ಲಿ ನಿಂತು ಪ್ರತಿ ಬುಟ್ಟೀನೂ ನೋಡ್ಬೇಕು."

ಹೆಣೆದ ಅಂಚನ್ನು ಮುಷ್ಟಿಯಿಂದ ಗುದ್ದಿ ಬಿಗಿಗೊಳಿಸುತ್ತಾರೆ, ಮತ್ತೊಮ್ಮೆ ಗುದ್ದುತ್ತಾರೆ.

"ಇದು ರಜೆಯಿಂದ ಬಂದು ಅವನು ಕಾವಲು ನಿಲ್ಲೋ ಜಾಗಕ್ಕೆ. ಗಟ್ಟಿಯಾಗಿರ್ಬೇಕು. ಅವನೇ ಸತ್ತೋದ್ರೆ ನಾನು ಯಾರಿಗೆ ತೋರಿಸ್ಲಿ?"