ಮಂಕು ನಕ್ಷತ್ರದ ತಿದ್ದುಪಡಿ

ಆಗ ನಾನು ಮುಂಬಯಿಯ ಬೈಕುಲ್ಲಾದ ಸಣ್ಣ ಪ್ರೆಸ್ಸೊಂದರಲ್ಲಿ ಕನ್ನಡ ಕರಡು ತಿದ್ದುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವವರು ವಿಜಾಪುರ ಕಡೆಯ ಹುಸೇನಸಾಬರು. ಜೋಡಿಸುವಾಗ ಅರ್ಥವನ್ನೂ ಓದುವುದು ಅವರ ಅಭ್ಯಾಸ. ನಮ್ಮ ಮಾಲೀಕರು ಅದನ್ನೊಂದು ದೋಷವೆಂದೇ ಎಣಿಸಿದ್ದರು.

ಒಮ್ಮೆ ಕಾಲೇಜು ಅಧ್ಯಾಪಕಿಯೊಬ್ಬರು, ಆಗಷ್ಟೇ ಅಚ್ಚಾಗಿದ್ದ ತಮ್ಮ ಖಗೋಳದ ಪುಸ್ತಕ ಹಿಡಿದು ನೇರ ನನ್ನ ಮೇಜಿಗೆ ಬಂದರು. ಅವರು ಬರೆದದ್ದು 'ಮಂಕಾದ ಬಿಳಿ ನಕ್ಷತ್ರ'. ಅಚ್ಚಾದದ್ದು 'ಪ್ರಖರವಾದ ಬಿಳಿ ನಕ್ಷತ್ರ'. ಕರಡಿನಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಾಲೀಕರು ನನ್ನನ್ನೇ ನೋಡುತ್ತಿದ್ದರು. ಕೆಲಸ ಹೋಯಿತು ಅಂದುಕೊಂಡೆ.

ಹುಸೇನಸಾಬರು ಕೈ ಒರೆಸಿಕೊಳ್ಳುತ್ತ ಬಂದರು. "ತಿದ್ದಿದಾಂವ ನಾನ ಅದೀನ್ರಿ ಅಕ್ಕಾರ. ಸೂರ್ಯಗಿಂತ ಬಿಸಿ, ಇಪ್ಪತ್ತು ಪಟ್ಟು ಬೆಳಕು ಅಂತ ಕೆಳಗ ನೀವ ಬರದೀರಿ. ಅಂಥಾದ್ದಕ್ಕ ಮಂಕು ಅಂದ್ರ ಹ್ಯಾಂಗ?"

"ಅದು ಬಹಳ ದೂರ ಇದೆ. ಬರಿಗಣ್ಣಿಗೆ ಕಾಣುವುದೇ ಇಲ್ಲ," ಎಂದರು ಅಧ್ಯಾಪಕಿ.

"ಹಂಗಾದ್ರ ಅದು ಮಂಕ ಅಲ್ಲ ಬಿಡ್ರಿ. ನಾವು ದೂರ ಅದೀವಿ."

ಅಧ್ಯಾಪಕಿ ಆ ಪುಟದ ಕೆಳಗಿನ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಪೆನ್ನು ಕೇಳಿ ಪಡೆದು, ಪುಸ್ತಕದ ಕೊನೆಗೆ ಅಂಟಿಸುವ ತಪ್ಪೊಪ್ಪು ಪಟ್ಟಿಗೆ ಒಂದು ಸಾಲು ಬರೆದುಕೊಟ್ಟರು: 'ನಕ್ಷತ್ರ ಪ್ರಖರವಾಗಿಯೇ ಇದೆ, ನಾವು ದೂರ ಇರುವುದರಿಂದ ಮಂಕಾಗಿ ಕಾಣುತ್ತದೆ.'

ನನ್ನ ಕೆಲಸ ಉಳಿಯಿತು. ಇಡೀ ಪುಸ್ತಕದಲ್ಲಿ ಸರಿಯಾಗಿ ಅರ್ಥವಾದದ್ದು ಆ ತಪ್ಪೊಪ್ಪು ಪಟ್ಟಿಯೊಂದೇ ಎಂದು ಅವರ ವಿದ್ಯಾರ್ಥಿಗಳು ಹೇಳಿದರಂತೆ.