ಸಾಹುಕಾರನ ಮುಖ

ಮೇಡಂ ಅವರ ಎಡ ಹುಬ್ಬನ್ನು ಹಳೆಯ ಗಾಯದ ಗೀರೊಂದು ಎರಡು ಭಾಗ ಮಾಡಿತ್ತು. ನಾವು ಬರೆದದ್ದರಲ್ಲಿ ಸುಳ್ಳು ಕಂಡರೆ ಆ ಹುಬ್ಬು ಮೇಲೇರುತ್ತಿತ್ತು. ರಾಯಚೂರಿನ ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸಿದವರು ಅವರು. ಬೆಳಗಿನ ಬಗ್ಗೆ ಪ್ರಬಂಧ ಬರೆಯಿರಿ ಎಂದಾಗ ನಾನು ಕೋಗಿಲೆ, ಇಬ್ಬನಿ ಎಲ್ಲ ಸೇರಿಸಿ ಬರೆದಿದ್ದೆ.

"ಇದು ಯಾರ ಮನಿ ಬೆಳಗವ್ವಾ? ಪೋತ್ನಾಳದಾಗ ನಿಮ್ಮವ್ವ ನಸುಕಿನ್ಯಾಗ ಎದ್ದು ಏನು ಮಾಡ್ತಾಳ, ಅದನ್ನ ಬರಿ."

ಅವ್ವ ಊರಿನ ರೈಸ್ ಮಿಲ್ ಸಾಹುಕಾರನ ಗದ್ದೆಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಅವನ ಮನೆಯಲ್ಲಿ ಬಂದವರಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ. ನಮ್ಮ ಕೇರಿಯವರಿಗೆ ಮಾತ್ರ ಪೇಪರ್ ಕಪ್, ಅದನ್ನೂ ಕುಡಿದಾದ ಮೇಲೆ ಗೇಟಿನ ಹೊರಗೆ ಎಸೆಯಬೇಕು. ಕೇಳಿದರೆ ಸ್ವಚ್ಛತೆ ಅನ್ನುತ್ತಿದ್ದ. ಎರಡನೇ ಸಲ ನಾನು ಅವನನ್ನು ಬಾಯಿಗೆ ಬಂದಂತೆ ಬೈದು ಬರೆದೆ. ಹುಬ್ಬು ಮತ್ತೆ ಏರಿತು.

"ಬೈದ್ರ ನಿನ್ನ ಸಿಟ್ಟಷ್ಟ ಕಾಣ್ತದ. ಆತ ಏನು ಮಾಡ್ತಾನ ಅಷ್ಟ ಬರಿ, ಆತ ಕಾಣ್ತಾನ."

ಹಾಗೇ ಬರೆದೆ. ವಾರ್ಷಿಕೋತ್ಸವದಲ್ಲಿ ಓದಲು ಮೇಡಂ ಅದನ್ನೇ ಆರಿಸಿದರು. ಮುಖ್ಯ ಅತಿಥಿ ಕಾಲೇಜಿಗೆ ದೇಣಿಗೆ ಕೊಟ್ಟಿದ್ದ ಅದೇ ಸಾಹುಕಾರ. ಪ್ರಿನ್ಸಿಪಾಲರು ಗಾಬರಿಬಿದ್ದು ಬೇರೆ ಏನಾದರೂ ಓದಿಸಿ ಎಂದರು.

"ಅದರಾಗ ಯಾರ ಹೆಸರೂ ಇಲ್ಲಲ್ರಿ ಸರ್," ಎಂದ ಮೇಡಂ ನನ್ನತ್ತ ತಿರುಗಿದರು. "ನಿಮ್ಮವ್ವನ ಕೂಲಿ ಹೋದೀತು. ನೀನ ಹೇಳು."

"ಓದ್ತೀನ್ರಿ," ಎಂದೆ. ಎಲ್ಲರೆದುರು ಕೂತು ಅವನು ಅದನ್ನು ಕೇಳಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಓದಿ ಮುಗಿಸಿದೆ. ವೇದಿಕೆಗೆ ಚಹಾ ಬಂತು, ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ. ಸಾಹುಕಾರನ ಮುಂದೆ ಮಾತ್ರ ಮೇಡಂ ತಾವೇ ಒಂದು ಪೇಪರ್ ಕಪ್ ತಂದಿಟ್ಟು, "ತಗೋರಿ, ಸ್ವಚ್ಛ ಅದ," ಎಂದರು. ಇಂದಿಗೂ ಅದನ್ನು ನೆನೆದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಮರುದಿನವೇ ಸಾಹುಕಾರನ ಕಡೆಯವರು ಅವ್ವನಿಗೆ ಕೆಲಸಕ್ಕೆ ಬರಬೇಡ ಎಂದರು. ವಿಷಯ ತಿಳಿದ ಮೇಡಂ ಬಸ್ಸು ಹತ್ತಿ ನಮ್ಮ ಮನೆಗೆ ಬಂದು ಅವ್ವನ ಕೈ ಹಿಡಿದರು. "ನನ್ನಿಂದ ನಿಮ್ಮ ಕೂಲಿ ಹೋತು. ತಪ್ಪಾತ್ರಿ."

"ಅದಿರಲಿ ಬಿಡ್ರಿ ಯವ್ವಾ. ಕೂಲಿ ಬ್ಯಾರೆ ಕಡಿ ಸಿಗ್ತದ. ಆತನ ಮುಖ ಹೆಂಗಾಗಿತ್ತು, ಅದನ್ನ ಹೇಳ್ರಿ."

ಕೆಳತುಟಿ ಜೋತುಬಿದ್ದು, ಕಪ್ಪನ್ನು ಹಿಡಿಯಲೂ ಆಗದೆ ಬಿಡಲೂ ಆಗದೆ ಕೂತಿದ್ದ ಸಾಹುಕಾರನನ್ನು ಮೇಡಂ ಮಾಡಿ ತೋರಿಸಿದರು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು, ಮತ್ತೊಮ್ಮೆ ಮಾಡಿಸಿದಳು. ಆಮೇಲೆ ಮೇಡಂ ಬಂದಾಗಲೆಲ್ಲ ಅವಳ ಬೇಡಿಕೆ ಅದೊಂದೇ.

ಈಗ ನಾನು ದೇವದುರ್ಗದಲ್ಲಿ ಪಾಠ ಹೇಳುತ್ತೇನೆ. ಮೇಡಂ ತೀರಿಕೊಂಡರೆಂದು ಅವ್ವನಿಗೆ ಫೋನಿನಲ್ಲಿ ತಿಳಿಸಿದೆ. ಅವಳು ಅಂದಳು:

"ಪುಣ್ಯಾತ್ಗಿತ್ತಿ ಹೋದ್ಲು. ಆ ಸಾಹುಕಾರ ಇನ್ನ ಗಟ್ಟಿ ಅದಾನ. ನೀ ಬರಿ."