ಎಳೆ ಬಾರದ ಪಾಕ

ಎದುರು ಮನೆಯಲ್ಲಿ ಅಕ್ಕಿ ಹುರಿಯುತ್ತಿದ್ದಾರೆ. ನಾಳೆ ಅವರ ಊರಿನ ಹಬ್ಬ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದಿಗೆ ಮಾತೇ ಕೇಳಿಸದು, ಆ ಘಮ ಮಾತ್ರ ಹೇಗೋ ದಾಟಿ ಬಂತು. ನಿಮಗಾದರೆ ಬಾಯಲ್ಲಿ ನೀರೂರೀತು. ನಾನು ಎಷ್ಟೋ ವರ್ಷ ಆ ಘಮ ಬಂದರೆ ಕಿಟಕಿ ಮುಚ್ಚುತ್ತಿದ್ದೆ.

ಸಾಸಲಿನ ಹತ್ತಿರದ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಊರಮ್ಮನಿಗೆ ಮನೆಗೊಂದು ಆರತಿ. ಹೊಸ ಅಕ್ಕಿ ಹಿಟ್ಟಿಗೆ ಬೆಲ್ಲದ ಪಾಕ ಬೆರೆಸಿ ತಂಬಿಟ್ಟು ಕಟ್ಟಿ, ನಡುವಿನ ಗುಳಿಯಲ್ಲಿ ತುಪ್ಪದ ದೀಪ ಹಚ್ಚಿ, ಸುತ್ತ ಕನಕಾಂಬರ, ಸೇವಂತಿಗೆ ಸಿಂಗರಿಸಿ ಹೆಂಗಸರು ತಲೆಯ ಮೇಲೆ ಹೊತ್ತು ತಮಟೆಯ ಹಿಂದೆ ಸಾಲಾಗಿ ನಡೆಯುತ್ತಾರೆ. ಹೂವಿನ ತೋಟವೇ ಎದ್ದು ಬೀದಿಗೆ ಬಂದಂತೆ. ನಮ್ಮನೆ ಆರತಿ ಹೊರುವವಳು ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೊಂದೇ ದೊಡ್ಡಸ್ತಿಕೆ. ಒಂದು ವರ್ಷ ಅವ್ವ, ಈ ಸಲ ತಂಗಿ ರತ್ನ ಹೊರಲಿ, ನೀನು ತಂಬಿಟ್ಟು ಕಟ್ಟು ಅಂದಳು.

ನನಗೆ ಹೊಟ್ಟೆ ಉರಿಯಿತು. ಪಾಕ ಎಳೆ ಬರುವ ತನಕ ಕಾಯದೆ, ಬೆಲ್ಲ ಕರಗಿದ್ದೇ ಸುರಿದು ಕಲಸಿದೆ. ಕೈಗೆ ಅಂಟಿದಾಗಲೇ ತಿಳಿಯಿತು, ಇದು ನಿಲ್ಲುವುದಿಲ್ಲ ಅಂತ. ಆದರೂ ಹಾಗೇ ಕಟ್ಟಿ ಕೊಟ್ಟೆ. ಗುಡಿ ಹತ್ತಿರ ಬರುವಷ್ಟರಲ್ಲಿ ರತ್ನನ ತಲೆಯ ಮೇಲೆ ತಂಬಿಟ್ಟು ಜರಿದು ದೀಪ ಆರಿತು.

“ಮಡಿ ಕೆಡಿಸ್ಕೊಂಡು ಹೊತ್ತವ್ಳೆ,” ಅಂದಳು ದೊಡ್ಡಮ್ಮ, ಎಲ್ಲರಿಗೂ ಕೇಳುವಂತೆ.

ರತ್ನ ನನ್ನ ಮುಖ ನೋಡಿದಳು. ನಾನು ತಮಟೆಯವರನ್ನು ನೋಡಿದೆ. ಆಮೇಲೆ ಅವಳು ಆರತಿ ಮುಟ್ಟಲಿಲ್ಲ. ಬೂದಿಗೆರೆಗೆ ಮದುವೆಯಾಗಿ ಹೋದ ಮೇಲೂ, ಹಬ್ಬಕ್ಕೆ ಬಂದರೆ ಬಾಗಿಲಲ್ಲೇ ನಿಂತು ಮೆರವಣಿಗೆ ನೋಡುವಳು. ಮಗ್ಗದಲ್ಲಿ ಒಂದೆಳೆ ಕಡಿದರೂ ಓಡಿಹೋಗಿ ಗಂಟು ಹಾಕುವವಳು ನಾನು. ಇದಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡೆ.

ಈ ವರ್ಷ ನಮ್ಮೂರ ಹಬ್ಬದ ಬೆಳಿಗ್ಗೆ ತವರಿನ ಒಲೆ ಮುಂದೆ ರತ್ನನಿಗೆ ಹೇಳಿಬಿಟ್ಟೆ, ಅವತ್ತು ಪಾಕ ಕೆಡಿಸಿದ್ದು ನಾನೇ ಅಂತ. ಅವಳು ಸೌಟು ಕೆಳಗಿಟ್ಟಳು.

“ನಂಗ್ ಹೇಳಿದ್ರೆ ಆಗೋಯ್ತಾ ಅಕ್ಕ? ದೊಡ್ಡಮ್ಮ ಇನ್ನೂ ಗಟ್ಟಿಯಾಗವ್ಳೆ. ಅವಳ ಮುಂದೆ ಹೇಳು.”

ಆರತಿಯ ಸಾಲು ಹೊರಡುವ ಮುಂಚೆ ಎಲ್ಲರ ಎದುರು ಹೇಳಿದೆ. ದೊಡ್ಡಮ್ಮನಿಗೆ ಈಗ ಕಿವಿ ಮಂದ. ನನ್ನ ತಪ್ಪನ್ನು ನಾನೇ ಎರಡು ಸಲ ಕೂಗಬೇಕಾಯಿತು. ಅವಳು ರತ್ನನ ಗಲ್ಲ ಹಿಡಿದು, “ನಿನ್ನ ಸುಮ್‌ಸುಮ್ನೆ ಅಂದ್ಬಿಟ್ನಲ್ಲೇ ಮಗ,” ಅಂದಳು. ಆಮೇಲೆ ನಮ್ಮನೆ ಆರತಿಯನ್ನು ತಾನೇ ಎತ್ತಿ ರತ್ನನ ತಲೆಗಿಟ್ಟಳು.

ನಾನು ತುಪ್ಪದ ಗಿಂಡಿ ಹಿಡಿದು ಪಕ್ಕದಲ್ಲೇ ನಡೆದೆ. ರತ್ನ ನನ್ನೊಂದಿಗೆ ಮಾತಾಡಲಿಲ್ಲ. ಆದರೆ ದೀಪ ಸಣ್ಣಗಾದಾಗೆಲ್ಲ ನಿಂತು, ನಾನು ತುಪ್ಪ ಹಾಕಲೆಂದು ಮಂಡಿ ಬಗ್ಗಿಸುತ್ತಿದ್ದಳು. ಗುಡಿಯವರೆಗೂ ದೀಪ ಆರಲಿಲ್ಲ.

ಅಗೋ, ಎದುರು ಮನೆಯವಳು ಬಾಗಿಲಲ್ಲಿ ಸೌಟು ಬೀಸಿ ಕರೆಯುತ್ತಿದ್ದಾಳೆ, ಪಾಕ ಬಂತಾ ನೋಡಿ ಅಂತ. ಹೋಗಿಬರುತ್ತೇನೆ. ಎಳೆ ಬರುವ ತನಕ ಒಲೆ ಮುಂದಿನಿಂದ ಏಳುವವಳಲ್ಲ ನಾನು.